ಮಾವನವರ ಮೊಬೈಲಿನ ಮಂತ್ರ

ಕೈಯಲ್ಲಿರುವ ಕೆಲಸವನ್ನು ಅರ್ಧಕ್ಕೆ ಬಿಟ್ಟು ಏಳುವುದು ನನಗೆ ಎಂದೂ ಕಷ್ಟವಾಗಿಲ್ಲ. ಬಾಗಿಲು ತಟ್ಟಿದ ಸದ್ದು, ಬೀದಿಯಲ್ಲಿ ಸೊಪ್ಪಿನವಳ ಕೂಗು, ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ, ಇಷ್ಟರಲ್ಲಿ ಯಾವುದಾದರೂ ಒಂದು ಸಾಕು, ಎದ್ದು ಹೊರಟುಬಿಡುತ್ತೇನೆ. ಕಷ್ಟ ಶುರುವಾಗುವುದು ವಾಪಸು ಬಂದಾಗ. ಕುರ್ಚಿ ಇದ್ದಲ್ಲೇ ಇರುತ್ತದೆ, ಪೆನ್ನು ಇದ್ದಲ್ಲೇ ಇರುತ್ತದೆ, ನಾನು ಮಾತ್ರ ಎಲ್ಲಿದ್ದೆ ಎಂದು ತಿಳಿಯುವುದಿಲ್ಲ. ಒಮ್ಮೆ ಕೆನ್ನೆಗೆಲ್ಲ ಸೋಪಿನ ನೊರೆ ಹಚ್ಚಿಕೊಂಡಿದ್ದಾಗ ಗ್ಯಾಸ್ ಸಿಲಿಂಡರಿನವನು ಬಂದ. ಅವನನ್ನು ಕಳಿಸಿ, ಬಾಗಿಲಲ್ಲಿ ಬಿದ್ದಿದ್ದ ಪೇಪರ್ ಎತ್ತಿಕೊಂಡು, ಕ್ರಿಕೆಟ್ಟಿನ ಪುಟದಿಂದ ಹಿಡಿದು ಮದುವೆ ಜಾಹೀರಾತಿನ ತನಕ ಓದಿ ಮುಗಿಸಿದೆ. ಕಾಫಿ ತಂದ ಹೆಂಡತಿ ಒಂದು ಕ್ಷಣ ನಿಂತು ನೋಡಿ, "ಏನೂಂದ್ರೆ, ಹಬ್ಬಕ್ಕೇಂತ ಮುಖಕ್ಕೂ ಸುಣ್ಣ ಹೊಡ್ಕೊಂಡ್ರಾ?" ಎಂದು ಕೇಳಿದಾಗಲೇ ನನಗೆ ಗಡ್ಡದ ನೆನಪಾದದ್ದು.

ಇಂಥವನು ಒಂದಷ್ಟು ವರ್ಷ, ಅರ್ಧಕ್ಕೆ ನಿಂತ ಕೆಲಸವನ್ನು ನಿಂತಲ್ಲಿಂದಲೇ ಮುಂದುವರಿಸುವುದು ಹೇಗೆ ಎಂದು ಮೊಬೈಲ್ ಫೋನುಗಳಿಗೆ ಕಲಿಸಲು ಹೆಣಗಿದ ಎಂದರೆ ನೀವು ನಂಬಲಿಕ್ಕಿಲ್ಲ. ನನ್ನ ಮಾವನವರು ಕೂಡ ಮೊದಲು ನಂಬಿರಲಿಲ್ಲ.

ಮಾವನವರು ಮುಳಬಾಗಿಲಿನ ಸುಬ್ಬಾಜೋಯಿಸರು. ನಾಲ್ಕು ತಾಲ್ಲೂಕಿನ ಮದುವೆ, ಮುಂಜಿ, ಗೃಹಪ್ರವೇಶಗಳೆಲ್ಲ ಅವರ ಕಂಠದ ಮೇಲೆ ನಡೆಯುತ್ತಿದ್ದ ಕಾಲವೊಂದಿತ್ತು. ಮಂತ್ರ ಸಂಸ್ಕೃತದಲ್ಲಿ, ಗದರುವುದು ಕನ್ನಡದಲ್ಲಿ, ಸಮಾಧಾನ ಮಾಡುವುದು ತೆಲುಗಿನಲ್ಲಿ. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಅವರ ಮಗಳು ವತ್ಸಲಳನ್ನು ನೋಡಲು ಹೋದಾಗ, ಉಪ್ಪಿಟ್ಟಿನ ತಟ್ಟೆ ನನ್ನ ಕೈಗೆ ಬರುವ ಮೊದಲೇ ಅವರ ಪ್ರಶ್ನೆ ಬಂದಿತ್ತು. "ಕೋಲಾರದಲ್ಲಿ ಏನ್ ಕೆಲ್ಸ ಅಂದ್ರಿ?"

"ಕಂಪ್ಯೂಟರ್ ಸೆಂಟರ್‌ನಲ್ಲಿ ಪಾಠ ಹೇಳ್ಕೊಡ್ತೀನಿ."

"ಟೈಪಿಂಗ್ ಇನ್ಸ್ಟಿಟ್ಯೂಟಾ?"

"ಅಲ್ಲ, ಕಂಪ್ಯೂಟರು."

"ಅದೇ, ಕರೆಂಟಲ್ಲಿ ಓಡೋ ಟೈಪಿಂಗು," ಎಂದು ಅವರು ತಮ್ಮಷ್ಟಕ್ಕೆ ತೀರ್ಮಾನಿಸಿದರು. ಬ್ಯಾಂಕಿನ ಆಫೀಸರನಿಗೆ ಮಗಳನ್ನು ಕೊಡಬೇಕೆಂದು ಅವರ ಮನಸ್ಸಿನಲ್ಲಿತ್ತಂತೆ. ಜಾತಕ ನನ್ನ ಜೊತೆಗೇ ಕೂಡಿಬಂತು. ತಾವೇ ಹಾಕಿದ ಕುಂಡಲಿಯ ಮೇಲೆ ತಾವೇ ಅನುಮಾನಪಡುವಂತಿರಲಿಲ್ಲವಾಗಿ ಮದುವೆ ನಡೆದುಹೋಯಿತು. ಅಂದಿನಿಂದ ಅವರು ನನ್ನನ್ನು ತಪ್ಪದೆ "ಅಳಿಯಂದ್ರೇ" ಎಂದು ಬಹುವಚನದಲ್ಲಿ ಕರೆದರು. ಆ ಬಹುವಚನದಲ್ಲಿ ಮರ್ಯಾದೆ ಎಷ್ಟು, ದೂರ ಎಷ್ಟು ಎಂದು ನನಗೆ ಬಹಳ ಕಾಲ ಬಿಡಿಸಿ ಹೇಳಲಾಗುತ್ತಿರಲಿಲ್ಲ.

ಆಗಿನ ಕೋಲಾರದಲ್ಲಿ ನಮ್ಮ ಸೆಂಟರಿಗಿದ್ದ ಗತ್ತು ಏನೆಂದು ಈಗಿನವರಿಗೆ ಹೇಳಿದರೆ ನಗುತ್ತಾರೆ. ಗಡಿಯಾರ ಗೋಪುರದ ಹತ್ತಿರ, ಬಟ್ಟೆ ಅಂಗಡಿಯ ಮೇಲೆ ಎರಡು ಕೋಣೆ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಡಬೇಕು, ಕೈಕಾಲಿನ ಧೂಳು ಒರೆಸಿಕೊಳ್ಳಬೇಕು. ಒಳಗೆ ನಾಲ್ಕು ಕಂಪ್ಯೂಟರುಗಳು ದೇವರ ಹಾಗೆ ಬಟ್ಟೆ ಹೊದ್ದು ಕೂತಿರುತ್ತಿದ್ದವು. ಹೊದಿಕೆ ತೆಗೆಯುವುದು, ಸ್ವಿಚ್ಚು ಹಾಕುವುದು, ಹಸಿರು ಅಕ್ಷರ ಮೂಡುವವರೆಗೆ ಎಲ್ಲರೂ ಉಸಿರು ಬಿಗಿ ಹಿಡಿಯುವುದು, ಎಲ್ಲಕ್ಕೂ ಒಂದು ಕ್ರಮವಿತ್ತು. ಅಷ್ಟರಲ್ಲಿ ಕರೆಂಟು ಹೋಗುವುದೂ ಆ ಕ್ರಮದ ಒಂದು ಭಾಗವಾಗಿತ್ತು. ಮಾವನವರು ಒಮ್ಮೆ ಬಂದು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, "ನಮ್ಮದಕ್ಕಿಂತ ನಿಮ್ಮದರಲ್ಲೇ ಮಡಿ ಜಾಸ್ತಿ ಇದೆಯಲ್ಲ!" ಎಂದಿದ್ದರು. ಅದು ಹೊಗಳಿಕೆ ಎಂದುಕೊಂಡು ನಾನು ಒಂದು ವಾರ ಸಂತೋಷದಲ್ಲಿದ್ದೆ.

ಹೊಸ ಶತಮಾನ ಬಂದಿತು. ಮನೆಮನೆಗೆ ಕಂಪ್ಯೂಟರು ಬಂದು ನಮ್ಮ ಸೆಂಟರಿನ ಮಡಿ ಮುರಿಯಿತು. ಮೆಟ್ಟಿಲ ಕೆಳಗಿನ ಚಪ್ಪಲಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಬಿಡುವು ಹೆಚ್ಚಾದ್ದರಿಂದ, ಮೊಬೈಲ್ ಫೋನಿನೊಳಗೆ ಓಡುವ ಸಣ್ಣಸಣ್ಣ ಪ್ರೋಗ್ರಾಂ ಬರೆಯುವುದನ್ನು ಪುಸ್ತಕ ನೋಡಿ ಕಲಿಯತೊಡಗಿದೆ. ಆಗಿನ್ನೂ ಬೆರಳಿನಿಂದ ಸವರುವ ಫೋನುಗಳು ನಮ್ಮೂರಿಗೆ ಬಂದಿರಲಿಲ್ಲ. ಗುಂಡಿ ಒತ್ತುವ ಫೋನು, ಬೆಂಕಿಪೊಟ್ಟಣದಷ್ಟು ಪರದೆ. ಅದರಲ್ಲಿ ಆಟವೋ ಲೆಕ್ಕವೋ ಏನಾದರೊಂದು ಕುಣಿಯುವಂತೆ ಮಾಡಿದರೆ ನಾಲ್ಕು ಜನ ಸುತ್ತ ಸೇರಿ ನೋಡುತ್ತಿದ್ದರು.

ಮಾವನವರೂ ಒಂದು ಫೋನು ಕೊಂಡರು. ಬಣ್ಣದ ಪರದೆಯದು. ಅದಕ್ಕೆ ತಾವೇ ಆರಿಸಿ ಹಾಕಿಸಿಕೊಂಡ ರಿಂಗ್‌ಟೋನು, ಹಾಲುಗಲ್ಲದ ಮಗುವೊಂದು ಬಿದ್ದು ಬಿದ್ದು ನಗುವ ಸದ್ದು. ಪುರೋಹಿತರ ಫೋನು ಎಂದರೆ ಕೇಳಬೇಕೆ? ಒಬ್ಬರಿಗೆ ಮುಹೂರ್ತ ಬೇಕು, ಇನ್ನೊಬ್ಬರಿಗೆ ರಾಹುಕಾಲ ಬೇಕು, ಮತ್ತೊಬ್ಬರಿಗೆ ಬೆಕ್ಕು ಅಡ್ಡ ಬಂದದ್ದಕ್ಕೆ ಪರಿಹಾರ ಬೇಕು. ಮಗು ಬೆಳಗಿನಿಂದ ಸಂಜೆಯವರೆಗೆ ನಗುತ್ತಲೇ ಇರುತ್ತಿತ್ತು.

ಅವರು ಅದನ್ನು ಹಿಡಿದುಕೊಂಡು ಒಂದು ಭಾನುವಾರ ಕೋಲಾರಕ್ಕೆ, ನೇರ ನಮ್ಮ ಮನೆಗೆ ಬಂದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಅಳಿಯಂದ್ರೇ, ಇದ್ರೊಳಗೆ ಮಂತ್ರ ಹಾಕ್ಕೊಡೋಕಾಗುತ್ತಾ?" ಎಂದರು.

ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರು ನನ್ನನ್ನು ಒಂದು ಕೆಲಸ ಕೇಳಿದ್ದು ಅದೇ ಮೊದಲು. ನಾನು ಲುಂಗಿ ಸರಿಮಾಡಿಕೊಂಡು ನೆಟ್ಟಗೆ ಕೂತೆ. "ಪುಸ್ತಕ ಇದೆಯಲ್ಲ ಮಾವ?"

"ಪುಸ್ತಕದ ಅಕ್ಷರ ಇರುವೆ ಸಾಲಿನ ಹಾಗೆ ಕಾಣ್ಸುತ್ತೆ. ಹೋಮದ ಹೊಗೆ ಬಂದ್ರೆ ಅದೂ ಇಲ್ಲ. ಇದ್ರಲ್ಲಾದ್ರೆ ಒಳಗಿಂದ ಬೆಳಕು ಬರುತ್ತೆ, ನೋಡಿ." ಅವರು ಫೋನನ್ನು ಕತ್ತಲಿದ್ದ ಮೂಲೆಯ ಕಡೆ ಹಿಡಿದು ತೋರಿಸಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವತ್ಸಲ ಫೋನನ್ನು ನೋಡದೆ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಆಮೇಲೆ ನಾನು ಪಟ್ಟ ಪಾಡು ನನಗೇ ಗೊತ್ತು. ಆ ಫೋನಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಮಂತ್ರಗಳನ್ನೆಲ್ಲ ಕಂಪ್ಯೂಟರಿನಲ್ಲಿ ದಪ್ಪ ಅಕ್ಷರದಲ್ಲಿ ಟೈಪು ಮಾಡಿ, ನಾಲ್ಕು ನಾಲ್ಕು ಸಾಲಿಗೆ ಕತ್ತರಿಸಿ, ಒಂದೊಂದನ್ನೂ ಚಿತ್ರವನ್ನಾಗಿ ಮಾಡಿ ಒಳಗೆ ತುಂಬಿಸಬೇಕು. ಮದುವೆ, ಗೃಹಪ್ರವೇಶ, ನಾಮಕರಣ, ಶ್ರಾದ್ಧ, ಒಂದಾದ ಮೇಲೊಂದರಂತೆ ನೂರಾರು ಪುಟ. ಮಾವನವರಿಗೆ ತೊಡಕಾಗಬಾರದೆಂದು ಬಲಗಡೆಯ ಗುಂಡಿ ಒತ್ತಿದರೆ ಮುಂದಿನ ಪುಟ, ಎಡಗಡೆಯದು ಒತ್ತಿದರೆ ಹಿಂದಿನ ಪುಟ, ಇಷ್ಟೇ ಇಟ್ಟೆ. ಯಾವ ಶಾಸ್ತ್ರ ಬೇಕೆಂದು ಕೇಳುವ ಪಟ್ಟಿ ಮೊದಲ ಪುಟದಲ್ಲಿ ಮಾತ್ರ. ಇಷ್ಟು ಸರಳವಾದ ವಸ್ತು ಕೆಡುವುದಾದರೂ ಹೇಗೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅದು ಕೆಟ್ಟದ್ದು ಮಾಲೂರಿನಲ್ಲಿ. ಹೆಂಚಿನ ವ್ಯಾಪಾರದ ಕೃಷ್ಣಪ್ಪನವರ ಹೊಸ ಮನೆಯ ಗೃಹಪ್ರವೇಶ. ಹಿಂದಿನಿಂದಲೂ ಮಾವನವರಿಂದಲೇ ಪೂಜೆ ಮಾಡಿಸುತ್ತಿದ್ದವರಾದ್ದರಿಂದ ನನಗೂ ವತ್ಸಲಳಿಗೂ ಕರೆಯಿತ್ತು. ನನ್ನ ಸೃಷ್ಟಿಯ ಮೊದಲ ಪ್ರದರ್ಶನವೆಂದು ನಾನು ಇಸ್ತ್ರಿ ಮಾಡಿದ ಪಂಚೆ ಉಟ್ಟು ಹೋಗಿದ್ದೆ. ಮಾವನವರು ಫೋನನ್ನು ತೆಂಗಿನಕಾಯಿಗೆ ಒರಗಿಸಿ ನಿಲ್ಲಿಸಿಕೊಂಡು ಶುರು ಮಾಡಿದರು. ಆಚಮನವಾಯಿತು, ಸಂಕಲ್ಪವಾಯಿತು, ಗಣಪತಿ ಪೂಜೆಯಾಯಿತು. ಹೊಗೆ ಏಳುತ್ತಿದ್ದರೂ ಅಕ್ಷರಗಳು ಥಳಥಳ ಹೊಳೆಯುತ್ತಿದ್ದವು. ಜನ ಕತ್ತು ಉದ್ದ ಮಾಡಿ ಫೋನನ್ನು ನೋಡುತ್ತಿದ್ದರು, ನಾನು ಜನರನ್ನು ನೋಡುತ್ತಿದ್ದೆ.

ಅಷ್ಟರಲ್ಲಿ ಮಗು ನಕ್ಕಿತು.

ಮಾವನವರು ಎತ್ತಿಕೊಂಡು, "ಆಂ, ಚೆಪ್ಪಂಡಿ ಚೆಪ್ಪಂಡಿ," ಎಂದು ತೆಲುಗಿನಲ್ಲಿ ವಿಚಾರಿಸಿದರು. ಆ ಕಡೆಯವರು ಹೇಳಿದರು. "ಗುರುವಾರಂ ವದ್ದು, ಶುಕ್ರವಾರಂ ಪೆಟ್ಟುಕೋಂಡಿ," ಎಂದು ಶುಕ್ರವಾರವನ್ನು ಗೊತ್ತುಮಾಡಿ ಫೋನನ್ನು ಮತ್ತೆ ತೆಂಗಿನಕಾಯಿಗೆ ಒರಗಿಸಿದರು. ಪರದೆಯ ಮೇಲೆ ಮೊದಲ ಪುಟದ ಪಟ್ಟಿ ಬಂದಿತ್ತು. ಗೃಹಪ್ರವೇಶವನ್ನು ಒತ್ತಿದರು. ಆಚಮನ ಬಂತು. "ಹ್ಞಾಂ, ಆಚಮನ ಮಾಡಿ," ಎಂದರು.

ಕೃಷ್ಣಪ್ಪ ದಂಪತಿಗಳು ಮತ್ತೆ ನೀರು ಕುಡಿದರು. ಮತ್ತೆ ಸಂಕಲ್ಪ, ಮತ್ತೆ ಗಣಪತಿ ಪೂಜೆ. ಅದು ಮುಗಿಯುವ ಹೊತ್ತಿಗೆ ಮಗು ಇನ್ನೊಮ್ಮೆ ನಕ್ಕಿತು. ಮೂರನೆಯ ಸಲ ಆಚಮನಕ್ಕೆ ಕೈ ಒಡ್ಡುವಾಗ ಕೃಷ್ಣಪ್ಪನವರ ಹೆಂಡತಿ ಗಂಡನ ಕಡೆ ಓರೆಗಣ್ಣಿನಲ್ಲಿ ನೋಡಿದರು. ಕೃಷ್ಣಪ್ಪನವರು ಮಾತ್ರ ಭಕ್ತಿಯಿಂದ ಹಿಗ್ಗಿಹೋಗಿದ್ದರು. ಪಕ್ಕದಲ್ಲಿ ಕೂತ ಬೀಗರ ಕಿವಿಯಲ್ಲಿ, "ನೋಡ್ರೀ, ನಿಮ್ಮನೇಲಿ ಒಂದೇ ಕಿತ ಸಂಕಲ್ಪ ಮಾಡ್ಸಿದ್ರು. ಜೋಯಿಸ್ರು ನಮಗೆ ಮೂರು ಕಿತ ಮಾಡಿಸ್ತಾ ಅವ್ರೆ. ಮಧ್ಯಮಧ್ಯ ಮಗ ನಕ್ಕಂಗೂ ಆಗ್ತೈತೆ. ಒಳ್ಳೆ ಶಕುನ ಕಣ್ರೀ," ಎಂದು ಹೇಳುತ್ತಿದ್ದುದು ನನಗೆ ಕೇಳಿಸಿತು.

ಏನಾಗಿದೆ ಎಂದು ನನಗೆ ಕೂತಲ್ಲೇ ಹೊಳೆಯಿತು. ಫೋನು ಬಂದಾಗ ನಮ್ಮ ಪ್ರೋಗ್ರಾಂ ಪರದೆ ಬಿಟ್ಟುಕೊಟ್ಟು ಹಿಂದಕ್ಕೆ ಸರಿಯುತ್ತದೆ. ಮಾತು ಮುಗಿದ ಮೇಲೆ ಮತ್ತೆ ಮುಂದಕ್ಕೆ ಬರುತ್ತದೆ. ಹಾಗೆ ಬರುವಾಗ ಫೋನು ಅದಕ್ಕೆ "ಶುರು ಮಾಡು" ಎಂದು ಅಪ್ಪಣೆ ಕೊಡುತ್ತದೆ. ಬೆಳಿಗ್ಗೆ ಮೊಟ್ಟಮೊದಲು ತೆರೆದಾಗಲೂ ಅದೇ "ಶುರು ಮಾಡು," ನಡುವೆ ಎದ್ದುಹೋಗಿ ಬಂದಾಗಲೂ ಅದೇ "ಶುರು ಮಾಡು." ಎರಡಕ್ಕೂ ಇರುವ ವ್ಯತ್ಯಾಸವನ್ನು ಬರೆಯುವವನು ತಿಳಿದು ಬರೆಯಬೇಕು. ನಾನು, ಮೊದಲೇ ಹೇಳಿದ ಹಾಗೆ, ನೊರೆ ಹಚ್ಚಿದ ಕೆನ್ನೆಯಲ್ಲಿ ಪೇಪರ್ ಓದುವ ಮನುಷ್ಯ. ನನಗೆ ಆ ವ್ಯತ್ಯಾಸ ಎಲ್ಲಿ ಹೊಳೆಯಬೇಕು?

ಮೂರನೆಯ ಸಲ ಮಗು ನಗುವಷ್ಟರಲ್ಲಿ ವತ್ಸಲ ಮುಂದೆ ಹೋಗಿ ಫೋನನ್ನು ಎತ್ತಿಕೊಂಡು ಹೊರಗೆ ನಡೆದಳು. ಬಾಗಿಲು ದಾಟುವಾಗ ಅಪ್ಪನಿಗೆ, "ನವಗ್ರಹದ ಕಲಶ ಇಟ್ಟಿದೀನಪ್ಪಾ, ಅಲ್ಲಿಂದ ನಡೀಲಿ," ಎಂದಳು. ಗೃಹಪ್ರವೇಶ ಊಟದ ಹೊತ್ತಿಗೆ ಮುಗಿಯಿತು.

ಮಾಲೂರಿನಿಂದ ಕೋಲಾರಕ್ಕೆ ಬರುವ ಬಸ್ಸಿನಲ್ಲಿ ನಾನು ಹೆಂಡತಿಗೆ ಇದೆಲ್ಲವನ್ನೂ ವಿವರಿಸಿದೆ. ಹಿಂದಕ್ಕೆ ಸರಿಯುವುದು ಏನು, ಮುಂದಕ್ಕೆ ಬರುವುದು ಏನು, ಪುಟದ ಸಂಖ್ಯೆಯನ್ನು ಎಲ್ಲಿ ಬರೆದಿಡಬೇಕಿತ್ತು, ಎಲ್ಲ. ಅವಳು ಕಿಟಕಿಯ ಆಚೆ ನೋಡುತ್ತ ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು: "ನಿಮ್ಮ ಮೊಬೈಲು ಮೊದಲನೇ ಪುಟಕ್ಕೆ ಹೋಯ್ತು, ಸರಿ. ಅಪ್ಪ ಯಾಕೆ ಹೋದ್ರು?"

ನಾಲ್ಕು ದಶಕ ಮಂತ್ರ ಹೇಳಿದ ಮನುಷ್ಯನಿಗೆ, ಐದು ನಿಮಿಷದ ಹಿಂದೆ ಮಾಡಿಸಿದ ಸಂಕಲ್ಪವನ್ನು ಮತ್ತೆ ಮಾಡಿಸುತ್ತಿದ್ದೇನೆಂದು ತಿಳಿಯಲಿಲ್ಲ. ನಾನು ಫೋನನ್ನೇ ನೋಡುತ್ತಿದ್ದೆ. ಅವಳು ಅಪ್ಪನನ್ನು ನೋಡುತ್ತಿದ್ದಳು.

"ಒಂದು ವರ್ಷದಿಂದ ಹೀಗೆ," ಎಂದಳು ವತ್ಸಲ. "ಕಣ್ಣು ಕಾಣಲ್ಲ ಅಂತಾರೆ. ಕಣ್ಣು ಚೆನ್ನಾಗೇ ಇದೆ, ಅಕ್ಕಿಯಲ್ಲಿ ಕಲ್ಲು ಹೆಕ್ತಾರೆ. ಮಂತ್ರ ಹೇಳ್ತಾ ಹೇಳ್ತಾ ಇದ್ರೆ ಒಂದಕ್ಷರ ತಪ್ಪಲ್ಲ. ಮಧ್ಯ ಯಾರಾದ್ರೂ ಮಾತಾಡ್ಸಿದ್ರೆ ಎಲ್ಲಿದ್ದೆ ಅಂತ ಸಿಗಲ್ಲ. ಅಮ್ಮಂಗೂ ಗೊತ್ತು. ಯಾರೂ ಅವ್ರ ಹತ್ರ ಆಡಿಲ್ಲ."

"ಹಾಗಾದ್ರೆ ಪೂಜೆ ಹೊತ್ತಲ್ಲಿ ಫೋನ್ ಆಫ್ ಮಾಡ್ಲಿ."

"ಫೋನ್ ಬರೋದು ನಿಂತ್ರೆ ಕರೆಯೋರೂ ನಿಂತುಹೋಗ್ತಾರೆ ಅಂತ ಅವ್ರಿಗೆ ಭಯ. ನೀವೇ ಏನಾದ್ರೂ ಮಾಡ್ರೀ. ಬರೋ ತಿಂಗಳು ಶ್ರೀನಿವಾಸಪುರದ ಮದುವೆ ಇದೆ. ಅಲ್ಲಿ ಮೂರು ಸಲ ತಾಳಿ ಕಟ್ಸೋಕಾಗಲ್ಲ."

ಅವಳು ನಗಿಸಲೆಂದೇ ಹಾಗೆ ಹೇಳಿದ್ದು. ಇಬ್ಬರೂ ನಕ್ಕೆವು. ಬಸ್ಸು ನರಸಾಪುರ ದಾಟುವ ಹೊತ್ತಿಗೆ ಅವಳು ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮರುದಿನದಿಂದಲೇ ರಿಪೇರಿ ಶುರುವಾಯಿತು. ಒಂದೊಂದು ಪುಟ ತಿರುಗಿಸಿದಾಗಲೂ ಅದರ ಸಂಖ್ಯೆಯನ್ನು ಫೋನಿನ ನೆನಪಿನಲ್ಲಿ ಬರೆದಿಡುವುದು, ವಾಪಸು ಬಂದಾಗ ಅದನ್ನು ನೋಡಿ ಆ ಪುಟವನ್ನೇ ತೆರೆಯುವುದು. ಬರೆಯುವುದಕ್ಕಿಂತ ಪರೀಕ್ಷೆ ಮಾಡುವುದು ಕಷ್ಟವಾಗಿತ್ತು. ಅದಕ್ಕೆ ಯಾರಾದರೂ ಮತ್ತೆ ಮತ್ತೆ ಫೋನು ಮಾಡುತ್ತಿರಬೇಕಲ್ಲ? ಅಂಥದೇ ಒಂದು ಫೋನನ್ನು ಪರಿಚಯದವರಿಂದ ಕೇಳಿ ತಂದು ನಾನು ನಡುಮನೆಯಲ್ಲಿ ಕೂರುವುದು, ವತ್ಸಲ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತ ತನ್ನ ಫೋನಿನಿಂದ ಕರೆ ಮಾಡುವುದು ಎಂದು ಗೊತ್ತುಮಾಡಿಕೊಂಡೆವು.

ಮೊದಲ ದಿನ ಅವಳು, "ಹಲೋ, ಆಯ್ತಾ? ಇಡ್ಲಾ?" ಎಂದಷ್ಟೇ ಕೇಳುತ್ತಿದ್ದಳು. ಮಾತು ಸ್ವಲ್ಪ ಉದ್ದವಾದರೆ ಏನಾಗುತ್ತದೆಂದು ನೋಡಬೇಕು, ಏನಾದರೂ ಮಾತಾಡು ಎಂದು ನಾನೇ ಹೇಳಿದೆ.

"ಏನ್ ಮಾತಾಡ್ಲಿ?"

"ಏನಾದ್ರೂ. ದಿನಾ ಮಾತಾಡಲ್ವಾ?"

"ದಿನಾ ಎಲ್ಲಿ ಮಾತಾಡ್ತೀವಿ? ಹಾಲು ತಂದ್ರಾ, ಗ್ಯಾಸ್ ಬುಕ್ ಮಾಡಿದ್ರಾ, ಅಷ್ಟೇ."

ಆಮೇಲೆ ಅವಳು ಮಾತಾಡಿದಳು. ಮಹಡಿಯಿಂದ ಅಂತರಗಂಗೆಯ ಬೆಟ್ಟ ಇವತ್ತು ತುಂಬ ಹತ್ತಿರ ಕಾಣುತ್ತಿದೆ ಎಂದಳು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಮದುವೆಮನೆಗಳಿಗೆ ಹೋಗಿ ಅರಿಶಿನ, ಅಕ್ಷತೆ, ದರ್ಭೆಗಳನ್ನು ಕ್ರಮವಾಗಿ ತಟ್ಟೆಯಲ್ಲಿ ಜೋಡಿಸುತ್ತಿದ್ದುದು, ನಿದ್ದೆ ಬಂದರೆ ಅಲ್ಲೇ ಬಾಳೆಎಲೆಯ ಕಟ್ಟಿಗೆ ಒರಗಿ ಮಲಗುತ್ತಿದ್ದುದು ಹೇಳಿದಳು. ದೊಡ್ಡವಳಾದ ಮೇಲೆ ಕಾಲೇಜು, ಮದುವೆ ಎಂದು ಅದೆಲ್ಲ ತಾನಾಗಿಯೇ ನಿಂತುಹೋಯಿತಂತೆ. "ಒಂದೊಂದ್ಸಲ ಕನಸಲ್ಲೂ ತಟ್ಟೆ ಜೋಡಿಸ್ತಿರ್ತೀನಿ ರೀ," ಎಂದಳು. ಮದುವೆಯಾಗಿ ಹದಿನೈದು ವರ್ಷದಲ್ಲಿ ನಾನು ಕೇಳಿರದ ಸಂಗತಿಗಳು ಒಂದು ಮಹಡಿ ಮೇಲಿನಿಂದ, ನಿಮಿಷಕ್ಕಿಷ್ಟು ಎಂಬ ದರದಲ್ಲಿ ಇಳಿದುಬಂದವು. ನಾನು ಫೋನು ಇಟ್ಟ ಮೇಲೆ ಪರದೆ ನೋಡಲು ಮರೆತು ಅವಳಿಗೇ ಮತ್ತೆ ಕರೆ ಮಾಡಿ, "ಪರೀಕ್ಷೆ ಇನ್ನೂ ಮುಗಿದಿಲ್ಲ ಕಣೇ," ಎಂದದ್ದೂ ಉಂಟು. ಆ ತಿಂಗಳ ಫೋನಿನ ಖರ್ಚು ನೋಡಿ ನಾವಿಬ್ಬರೂ ಪರಸ್ಪರ ಬೈದುಕೊಂಡೆವು.

ಈಗ ಎಂಥ ಕರೆ ಬಂದರೂ ಪುಟ ಕದಲುತ್ತಿರಲಿಲ್ಲ. ಬ್ಯಾಟರಿ ತೆಗೆದು ಹಾಕಿದರೂ ಬಿಟ್ಟ ಪುಟದಲ್ಲೇ ತೆರೆಯುತ್ತಿತ್ತು. ಮುಳಬಾಗಿಲಿಗೆ ಹೋಗಿ ಮಾವನವರ ಫೋನಿಗೆ ಹೊಸದನ್ನು ಹಾಕಿಕೊಟ್ಟು, "ಇನ್ನು ನೀವು ಎಲ್ಲಿ ಬಿಡ್ತೀರೋ ಅಲ್ಲೇ ಇರುತ್ತೆ ಮಾವ, ಯೋಚ್ನೆ ಮಾಡ್ಬೇಡಿ," ಎಂದೆ. ಬಿಟ್ಟಲ್ಲೇ ಇರುವುದು ಎಷ್ಟು ಅಪಾಯದ ಗುಣ ಎಂದು ನನಗೆ ಆಗ ತೋಚಲಿಲ್ಲ.

ಶ್ರೀನಿವಾಸಪುರದ ಮದುವೆ ಮಾವಿನ ಮಂಡಿಯವರದು. ಛತ್ರದ ಅಂಗಳದಲ್ಲೆಲ್ಲ ಮಾವಿನಹಣ್ಣಿನ ಘಮ. ನಾನು ಮೂರನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ವತ್ಸಲ ಹೆಣ್ಣಿನ ಕಡೆಯ ಹೆಂಗಸರ ನಡುವೆ ಇದ್ದಳು. ಮುಹೂರ್ತ ಹತ್ತಿರವಾಯಿತು. ಮಾವನವರು ಪೀಠದ ಮೇಲೆ ಕೂತು, ಫೋನನ್ನು ತೆಗೆದು, ಗುಂಡಿ ಒತ್ತಿದರು. ಆಮೇಲೆ ಅವರ ಬಾಯಿ ಅಲುಗಲಿಲ್ಲ.

ಅವರು ಹಿಂದಿನ ದಿನ ಬೈರಕೂರಿನಲ್ಲಿ ಒಂದು ಶ್ರಾದ್ಧ ಮುಗಿಸಿ ಬಂದಿದ್ದರು. ನನ್ನ ಪ್ರೋಗ್ರಾಂ, ನಾನು ಕಲಿಸಿದ್ದನ್ನು ಚಾಚೂ ತಪ್ಪದೆ ಪಾಲಿಸಿ, ನಿನ್ನೆ ಬಿಟ್ಟ ಪುಟವನ್ನೇ ತೆರೆದಿಟ್ಟಿತ್ತು. ಮದುವೆಯ ಮಂಟಪದಲ್ಲಿ, ಬಾಸಿಂಗ ಕಟ್ಟಿಕೊಂಡ ಗಂಡುಹೆಣ್ಣಿನ ಎದುರಿಗೆ, ತೀರಿಹೋದವರನ್ನು ಕರೆದು ಊಟಕ್ಕೆ ಕೂರಿಸುವ ಮಂತ್ರ ದಪ್ಪ ಅಕ್ಷರದಲ್ಲಿ ಬೆಳಗುತ್ತಿತ್ತು.

ನನಗೆ ಪರದೆ ಕಾಣುತ್ತಿರಲಿಲ್ಲ. ಮಾವನವರ ಮುಖ ಕಂಡೇ ಎಲ್ಲ ಅರ್ಥವಾಯಿತು. ಅವರು ತಲೆಯೆತ್ತಿ ಜನರ ನಡುವೆ ನನ್ನನ್ನು ಹುಡುಕಿದರು. ಎಡಗಡೆಯ ಗುಂಡಿ ಒತ್ತಿ, ಒತ್ತುತ್ತಲೇ ಇರಿ ಎಂದು ಹೇಳಲು ನಾನು ಎದ್ದುನಿಂತು ಹೆಬ್ಬೆರಳನ್ನು ಗಾಳಿಯಲ್ಲಿ ಎಡಕ್ಕೆ ಎಡಕ್ಕೆ ಕುಟ್ಟಿ ತೋರಿಸಿದೆ. ವಿಡಿಯೋದವನು ಅದು ತನಗೇ ಹೇಳಿದ್ದೆಂದು ತಿಳಿದು ಕ್ಯಾಮರಾ, ದೀಪ ಎಲ್ಲವನ್ನೂ ಎಡಕ್ಕೆ ಸರಿಸಿಕೊಂಡು ನನಗೂ ಮಾವನವರಿಗೂ ನಡುವೆ ಗೋಡೆಯಂತೆ ನಿಂತ. ಓಲಗದವರು ಗಟ್ಟಿಮೇಳಕ್ಕೆ ಜೋಯಿಸರ ಕೈಸನ್ನೆಯನ್ನೇ ಕಾಯುತ್ತಿದ್ದರು. ಹೆಣ್ಣಿನ ತಂದೆ ವಾಚು ನೋಡಿಕೊಂಡು, "ಸ್ವಾಮಿ, ಟೈಮ್ ಆಗ್ತಾ ಐತೆ," ಎಂದರು.

ಆಗ ವತ್ಸಲ ಎದ್ದಳು. ಅವಸರವೇನೂ ಇಲ್ಲದವಳ ಹಾಗೆ ಮಂಟಪ ಹತ್ತಿ, ಅಪ್ಪನ ಕೈಯಿಂದ ಫೋನನ್ನು ತೆಗೆದು ತನ್ನ ಪರ್ಸಿಗೆ ಹಾಕಿಕೊಂಡಳು. ಮಡಿಸಿಟ್ಟಿದ್ದ ಬಿಳಿಯ ಬಟ್ಟೆಯನ್ನು ಅವರ ಮುಂದೆ ಹಿಡಿದಳು. "ಅಪ್ಪಾ, ಅಂತರಪಟ ಹಿಡಿಸೋಣ್ವಾ?"

ಮಾವನವರು ಬಟ್ಟೆಯನ್ನು ನೋಡಿದರು, ಮಗಳನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು. ಮಂಗಳಾಷ್ಟಕ ಶುರುವಾಯಿತು.

ಅದು ಮುಗಿಯುವಷ್ಟರಲ್ಲಿ ಅವಳ ಕೈಯಲ್ಲಿ ಜೀರಿಗೆ ಬೆಲ್ಲವಿತ್ತು. ಆಮೇಲೆ ಧಾರೆಯ ಗಿಂಡಿ. ಆಮೇಲೆ ಕಂಕಣದ ದಾರ. ಆಮೇಲೆ ಮಾಂಗಲ್ಯದ ತಟ್ಟೆ. ಒಂದೊಂದು ವಸ್ತು ಕಣ್ಣಿಗೆ ಬಿದ್ದ ಕೂಡಲೇ ಅದರ ಮಂತ್ರ ಅವರ ಬಾಯಲ್ಲಿ ತಾನಾಗಿ ಬರುತ್ತಿತ್ತು, ಒಂದು ಸ್ವರವೂ ಕದಲದೆ. ಗಟ್ಟಿಮೇಳ ಮೊಳಗಿತು, ಅಕ್ಷತೆ ಬಿತ್ತು. ಅಷ್ಟರಲ್ಲಿ ಅವಳ ಪರ್ಸಿನೊಳಗೆ ಮಗು ನಗಲು ಶುರು ಮಾಡಿತು. ಓಲಗದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅವಳು ಮಾತ್ರ ಪರ್ಸನ್ನು ಕಂಕುಳಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಲಾಜಾಹೋಮದ ಅರಳಿನ ಮೊರವನ್ನು ಮುಂದೆ ಸರಿಸಿದಳು.

ಊಟದ ಪಂಕ್ತಿಯಲ್ಲಿ ಹೆಣ್ಣಿನ ತಂದೆ ಬಂದು, "ಎಷ್ಟು ಸೊಗಸಾಗಿ ಮಾಡಿಸಿದ್ರಿ ಜೋಯಿಸ್ರೇ, ಎಲ್ಲೂ ಒಂದ್ ತಡೆ ಇಲ್ಲ," ಎಂದರು. ಮಾವನವರು ನನ್ನ ಕಡೆ ಕೈ ತೋರಿಸಿ, "ಎಲ್ಲಾ ನಮ್ಮ ಅಳಿಯಂದ್ರು ಮೊಬೈಲಲ್ಲಿ ಹಾಕ್ಕೊಟ್ಟಿದ್ದು," ಎಂದುಬಿಟ್ಟರು. ನಾನು ಬಾಯಿ ತೆರೆಯುವ ಮುಂಚೆ ಅವರು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು, ಮೇಲೆ ತುಪ್ಪ ಹಾಕಿಸಿದರು. ಎದುರು ಪಂಕ್ತಿಯಲ್ಲಿದ್ದ ವತ್ಸಲ ತಲೆ ತಗ್ಗಿಸಿ ನಗುತ್ತ ಸಾರು ಕಲೆಸುತ್ತಿದ್ದಳು. ನಾನು ಆ ಕೀರ್ತಿಯನ್ನು ಹೋಳಿಗೆಯ ಜೊತೆಗೇ ನುಂಗಿದೆ.

ಸುದ್ದಿ ಹರಡಿತು. ವಕ್ಕಲೇರಿಯಿಂದ ಒಬ್ಬರು, ಮಾಲೂರಿನಿಂದ ಇಬ್ಬರು ಪುರೋಹಿತರು ತಮ್ಮ ತಮ್ಮ ಫೋನು ಹಿಡಿದು ನಮ್ಮ ಸೆಂಟರಿನ ಮೆಟ್ಟಿಲು ಹತ್ತಿ ಬಂದರು. ಒಂದೊಂದು ಫೋನಿನ ಸ್ವಭಾವ ಒಂದೊಂದು ಥರ. ಕೆಲವು ನನ್ನ ಪ್ರೋಗ್ರಾಮನ್ನು ಸೌಜನ್ಯದಿಂದ ಹಿಂದಕ್ಕೆ ಕೂರಿಸುತ್ತಿದ್ದವು, ಕೆಲವು ಕರೆ ಬಂದ ಕೂಡಲೇ ಕತ್ತು ಹಿಡಿದು ಆಚೆಗೆ ನೂಕುತ್ತಿದ್ದವು. ತಿಂಗಳುಗಟ್ಟಲೆ ಕೂತು ಎಲ್ಲವನ್ನೂ ಸರಿಮಾಡಿದೆ. ಪ್ರೋಗ್ರಾಂ ತೆರೆದ ಕೂಡಲೇ "ಬಿಟ್ಟಲ್ಲಿಂದ ಮುಂದುವರಿಸಲೇ? ಮೊದಲಿಂದ ಶುರು ಮಾಡಲೇ?" ಎಂದು ವಿನಯದಿಂದ ಕೇಳುವ ಹಾಗೆ ಮಾಡಿದೆ. ಅದನ್ನು ಮಾವನವರಿಗೆ ಹೆಮ್ಮೆಯಿಂದ ತೋರಿಸಿದಾಗ ಅವರು ಪ್ರಶ್ನೆಯನ್ನು ಎರಡು ಸಲ ಓದಿ, ಫೋನನ್ನು ನನ್ನ ಕೈಗೇ ಕೊಟ್ಟು, "ಎಲ್ಲಿಗೆ ಬಿಟ್ಟಿದ್ದೆ ಅಂತ ನಂಗೇ ಗೊತ್ತಿದ್ರೆ ಇದು ಯಾಕೆ ಬೇಕಿತ್ತು ಅಳಿಯಂದ್ರೇ?" ಎಂದರು. ಮೊದಲ ಬಾರಿಗೆ ಅವರು ತಮ್ಮ ಮರೆವಿನ ಬಗ್ಗೆ ಬಾಯಿಬಿಟ್ಟು ಹೇಳಿದ್ದು ಅದು. ಹೇಳಿದ ಮೇಲೆ ಹಗುರಾದವರಂತೆ ನಕ್ಕರು. ನಾನೂ ನಕ್ಕೆ.

ಅವರು ಆ ಪ್ರೋಗ್ರಾಮನ್ನು ಮತ್ತೆ ತೆರೆಯಲಿಲ್ಲ. ಅವರಿಗೆ ಬೇಕಾಗಲಿಲ್ಲ. ಶ್ರೀನಿವಾಸಪುರದ ಮದುವೆಯ ನಂತರ ಪ್ರತಿ ಮುಹೂರ್ತಕ್ಕೂ ವತ್ಸಲ ಅವರ ಜೊತೆಗೆ ಹೋಗತೊಡಗಿದಳು. ಕೋಲಾರದಿಂದ ಬೆಳಗಿನ ಬಸ್ಸು ಹಿಡಿದು ಅವಳು ಹೊರಡುವುದು, ಮುಳಬಾಗಿಲಿನಿಂದ ಅವರು ಬರುವುದು, ಮಂಟಪದಲ್ಲಿ ಭೇಟಿ. ತಟ್ಟೆ ಜೋಡಿಸುವುದು ಅವಳ ಕೆಲಸ, ಫೋನು ಇರುವುದೂ ಅವಳ ಪರ್ಸಿನಲ್ಲಿ. ಬಂದ ಕರೆಗಳಿಗೆ ಅವಳೇ ಉತ್ತರಿಸಿ, ಯಾವ ದಿನ ಯಾರ ಮನೆ ಎಂದು ಗೊತ್ತುಮಾಡುತ್ತಿದ್ದಳು. ಕರೆಯುವವರು ನಿಲ್ಲಲಿಲ್ಲ, ಇನ್ನಷ್ಟು ಹೆಚ್ಚಿದರು. ಸಂಜೆ ಅವಳು ಸೀರೆಯ ತುಂಬ ಹೋಮದ ಹೊಗೆಯ ವಾಸನೆ ಹೊತ್ತು, ದಣಿದು, ಮುಖ ಅರಳಿಸಿಕೊಂಡು ಮನೆಗೆ ಬರುತ್ತಿದ್ದ ಆ ನಾಲ್ಕೈದು ವರ್ಷ ನನ್ನ ಕಣ್ಣಿಗೆ ಈಗಲೂ ಕಟ್ಟಿದೆ. ಅಪ್ಪ ಮಗಳು ಇಬ್ಬರೂ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಬೇರೆ ಯಾವಾಗಲೂ ನೋಡಲಿಲ್ಲ. ಮುಹೂರ್ತದ ದಿನಗಳಲ್ಲಿ ನನ್ನ ಅಡುಗೆ ನಾನೇ ಮಾಡಿಕೊಳ್ಳುತ್ತಿದ್ದೆ. ಹೇಗೋ ನಡೆಯುತ್ತಿತ್ತು.

ಒಂದು ಭಾನುವಾರ ನಾವು ಮುಳಬಾಗಿಲಿಗೆ ಹೋಗಿದ್ದೆವು. ಅತ್ತೆಗೆ ಮಂಡಿನೋವು, ಹಾಗಾಗಿ ತಿಂಡಿಗೆ ಹೋಟೆಲಿನಿಂದ ದೋಸೆ ಬಂದಿತ್ತು. ದೋಸೆ ತಿಂದು ಕೈ ತೊಳೆದು ಬಂದ ಮಾವನವರು ನನ್ನ ಪಕ್ಕದಲ್ಲಿ ಕೂತು, ಒಳಗೆ ಒಮ್ಮೆ ನೋಡಿ, ಧ್ವನಿ ತಗ್ಗಿಸಿ, "ಅಳಿಯಂದ್ರೇ, ಒಂದು ಉಪಕಾರ ಆಗ್ಬೇಕಿತ್ತು," ಎಂದರು.

"ಹೇಳಿ ಮಾವ."

"ಮಂತ್ರ ಹೇಳ್ತಿರೋವಾಗ ಫೋನ್ ಬಂದ್ರೆ ನಂಗೆ ಈಗ ತೊಂದ್ರೆ ಇಲ್ಲ. ವತ್ಸಲ ನೋಡ್ಕೋತಾಳೆ. ಒಂದೇ ಒಂದು ನಂಬರ್ ಇದೆ. ಅದು ಬಂದ್ರೆ ಅವಳು ತಟ್ಟೆ ಅಲ್ಲೇ ಬಿಟ್ಟು ಹೊರಗೆ ಹೋಗ್ಬಿಡ್ತಾಳೆ. ಎಷ್ಟೊತ್ತಾದ್ರೂ ಬರಲ್ಲ. ಮೊನ್ನೆ ಗಂಡು ಹೆಣ್ಣು ಎರಡೂ ಕಂಕಣಕ್ಕೆ ಕೈ ಚಾಚ್ಕೊಂಡು ಕೂತಿವೆ, ಇವಳ ಸುಳಿವಿಲ್ಲ. ಪೂಜೆ ಹೊತ್ತಲ್ಲಿ ಆ ನಂಬರ್ ಒಂದು ಮಾತ್ರ ಬರದ ಹಾಗೆ ಏನಾದ್ರೂ ಮಾಡೋಕಾಗುತ್ತಾ?"

ಇಷ್ಟು ವರ್ಷದ ಮೇಲೆ ಅವರು ಮತ್ತೆ ನನ್ನ ವಿದ್ಯೆಯನ್ನು ನಂಬಿ ಕೇಳುತ್ತಿದ್ದರು. ನನಗೆ ಎದೆ ತುಂಬಿ ಬಂತು. "ಯಾಕಾಗಲ್ಲ ಮಾವ? ಖಂಡಿತಾ ಆಗುತ್ತೆ. ಅದಕ್ಕೊಂದು ಬೇರೆ ದಾರಿ ಇದೆ," ಎಂದು ಜೇಬಿನಿಂದ ಪೆನ್ನು ತೆಗೆದು ಅಂಗೈಯ ಮೇಲೆ ಬರೆದುಕೊಳ್ಳಲು ಸಿದ್ಧನಾದೆ. "ಹೇಳಿ, ಯಾವ ನಂಬರು?"

ಮಾವನವರು ಕಣ್ಣು ಮುಚ್ಚಿದರು. ಬೆಳಗಿನ ತಿಂಡಿ ಏನೆಂದು ಮಧ್ಯಾಹ್ನಕ್ಕೆ ಮರೆಯುತ್ತಿದ್ದ ಮನುಷ್ಯ, ಯಾವ ಚೀಟಿಯನ್ನೂ ನೋಡದೆ, ಒಂದೊಂದೇ ಅಂಕಿಯನ್ನು ಮಂತ್ರದಷ್ಟೇ ಸ್ಪಷ್ಟವಾಗಿ ಹೇಳುತ್ತ ಹೋದರು. ನಾನು ಬರೆದುಕೊಳ್ಳುತ್ತ ಹೋದೆ. ಆರನೆಯ ಅಂಕಿಗೆ ಬರುವಷ್ಟರಲ್ಲಿ ನನಗೆ ಸ್ವಲ್ಪ ಅನುಮಾನವಾಯಿತು. ಎಂಟನೆಯದಕ್ಕೆ ಪೆನ್ನು ನಿಂತಿತು.

"ಇನ್ನೂ ಎರಡಿದೆ," ಎಂದರು ಮಾವನವರು, ಕಣ್ಣು ತೆರೆಯದೆ.

"ಗೊತ್ತು ಮಾವ," ಎಂದೆ. ಒಳಗಿನಿಂದ ವತ್ಸಲ, "ಏನ್ರೀ ಅದು, ಅಪ್ಪ ಏನು ಹೇಳ್ತಿದಾರೆ?" ಎಂದು ಕೂಗಿ ಕೇಳಿದಳು. ಸಾಸಿವೆ ಡಬ್ಬ ಎಲ್ಲಿದೆ, ಅನ್ನಕ್ಕೆ ನೀರೆಷ್ಟು, ಕುಕ್ಕರು ಎಷ್ಟು ಸಲ ಕೂಗಬೇಕು ಎಂದು ಕೇಳಲು ಪ್ರತಿ ಮುಹೂರ್ತದ ಹೊತ್ತಿಗೆ ಸರಿಯಾಗಿ ಅವಳಿಗೆ ಕರೆ ಮಾಡುತ್ತಿದ್ದ ನಾನು, ಅಂಗೈಯನ್ನು ಪಂಚೆಗೆ ಒರೆಸಿಕೊಂಡು, "ಏನಿಲ್ಲ ಕಣೇ, ಸೆಂಟರಿನ ವಿಷಯ," ಎಂದೆ.